ಗ್ಯಾಲರಿಯಲ್ಲಿ ಕೂತು ಕೇಳಿದ ಮೇಲೆ

ನಮ್ಮಪ್ಪ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1962ರಲ್ಲಿ, 14ನೆಯ ವಯಸ್ಸಿಗೆ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ, ರಾತ್ರಿ ಕನ್ನಡ ಶಾಲೆ. ಆ ದಿನಗಳನ್ನು ಮೊಮ್ಮಕ್ಕಳಿಗಾಗಿ ಬರೆದಿಡಿ ಎಂದರೆ ಕೈ ನಡುಗುತ್ತದೆ ಎಂದರು. ಹಾಗಾದರೆ ಹೇಳಿ, ರೆಕಾರ್ಡ್ ಆಗಲಿ ಎಂದು ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ಮೈಕ್ ಸಿಕ್ಕಿಸಿ ಕೊಟ್ಟೆ. ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ಕೂತು ದಿನಕ್ಕೆ ಅರ್ಧ ಗಂಟೆ ಹೇಳತೊಡಗಿದರು.

ವಾರ ಕಳೆದು ಕೇಳಿದರೆ ಧ್ವನಿಯ ತುಂಬ ಚಟಪಟ. ಎರಡು ಶಬ್ದಕ್ಕೊಮ್ಮೆ ಕಡಿದು ಹೋಗುತ್ತಿತ್ತು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ನಾನೇ ಮಾತಾಡಿ ನೋಡಿದೆ. ಎಲ್ಲ ಸ್ವಚ್ಛ. "ನೀವು ಮೈಕ್ ಅಲುಗಾಡಿಸಿರಬೇಕು ಅಪ್ಪಾ" ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಮರುದಿನದಿಂದ ಮೈಕನ್ನು ಮುಟ್ಟಲೇ ಇಲ್ಲ. ಆದರೂ ಚಟಪಟ ಹೋಗಲಿಲ್ಲ.

ಒಂದು ಭಾನುವಾರ ಅವರು ಕೂರುವ ಕುರ್ಚಿಯಲ್ಲೇ ಕೂತೆ. ಆಗ ಹೊಳೆಯಿತು: ಗ್ಯಾಲರಿಯಲ್ಲಿ ಪ್ಲಗ್ ಇಲ್ಲ. ಅಪ್ಪ ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡುತ್ತಿದ್ದರು, ನಾನು ಚಾರ್ಜರ್ ಹಾಕಿ ಪರೀಕ್ಷಿಸಿದ್ದೆ. ಟಾಸ್ಕ್ ಮ್ಯಾನೇಜರ್ ತೆರೆದರೆ 'ಸಿಸ್ಟಮ್ ಇಂಟರಪ್ಟ್ಸ್' ಎಂಬ ಸಾಲಿನ ಮುಂದೆ ಶೇಕಡಾ 20. ಕಂಪ್ಯೂಟರ್ ಸುಮ್ಮನಿದ್ದಾಗ ಅಲ್ಲಿ ಶೇಕಡಾ ಒಂದೂ ಇರಬಾರದು.

"ಎಂತ ಮಗಾ ಅದು?" ಎಂದರು ಅಪ್ಪ. ಅವರ ಭಾಷೆಯಲ್ಲೇ ಹೇಳಿದೆ. ಕಾವಲಿ ಮುಂದೆ ದೋಸೆ ಭಟ್ಟರು ನಿಂತಿದ್ದಾರೆ. ಯಾರಾದರೂ ಕರೆದರೆ ಹುಟ್ಟು ಬದಿಗಿಟ್ಟು ಓಗೊಟ್ಟು, ಮತ್ತೆ ಬಿಟ್ಟಲ್ಲಿಂದ ದೋಸೆ ಮುಂದುವರಿಸುತ್ತಾರೆ. ಕೀಬೋರ್ಡ್, ಮೌಸ್, ವೈಫೈ ಎಲ್ಲವೂ ಪ್ರೊಸೆಸರನ್ನು ಹೀಗೆ ಕರೆಯುತ್ತವೆ, ಅದೇ ಇಂಟರಪ್ಟ್. ಒಬ್ಬನೇ ಗಿರಾಕಿ ಬಿಡದೆ ಕರೆಯುತ್ತಿದ್ದರೆ?

"ದೋಸೆ ಕರಟುತ್ತದೆ" ಎಂದರು.

ಅಷ್ಟೇ. ಮೈಕಿನಿಂದ ಬಂದ ಧ್ವನಿಯನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಎತ್ತಿಡದಿದ್ದರೆ ಅದು ಕಳೆದೇ ಹೋಗುತ್ತದೆ. ಆ ಕಳೆದುಹೋದ ಜಾಗವೇ ಕಿವಿಗೆ ಚಟ್ ಎಂದು ಕೇಳುವುದು.

ಇನ್ನು ಕರೆಯುವ ಗಿರಾಕಿ ಯಾರೆಂದು ಹುಡುಕಬೇಕು. ಒಂದೊಂದನ್ನೇ ಬಂದ್ ಮಾಡಿದೆ. ಮೌಸ್ ತೆಗೆದೆ, ಬದಲಾಗಲಿಲ್ಲ. ಬ್ಲೂಟೂತ್ ನಿಲ್ಲಿಸಿದೆ, ಬದಲಾಗಲಿಲ್ಲ. ವೈಫೈ ನಿಲ್ಲಿಸಿದೊಡನೆ 20 ಇದ್ದದ್ದು ಸೊನ್ನೆಯ ಹತ್ತಿರ ಬಂತು. ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಅದೂ ನೆಟ್‌ವರ್ಕ್ ಡ್ರೈವರನ್ನೇ ತೋರಿಸಿತು. ಬ್ಯಾಟರಿ ಉಳಿಸಲೆಂದು ವೈಫೈ ಕಾರ್ಡ್ ಆಗಾಗ ತೂಕಡಿಸಲು ವಿಂಡೋಸಿನಲ್ಲಿ ಅನುಮತಿ ಇರುತ್ತದೆ. ನಮ್ಮ ಕಾರ್ಡಿನ ಹಳೆಯ ಡ್ರೈವರಿಗೆ ಮಲಗಿ ಏಳುವುದು ಸರಿಯಾಗಿ ಬರುತ್ತಿರಲಿಲ್ಲ.

ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಅಡಾಪ್ಟರ್ ಎಂದಿರುತ್ತದೆ. ಅಲ್ಲಿ 'ಆನ್ ಬ್ಯಾಟರಿ' ಎಂಬುದನ್ನು 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಮಾಡಿದೆ, ಡ್ರೈವರನ್ನೂ ಹೊಸದು ಹಾಕಿದೆ. ಬ್ಯಾಟರಿ ತುಸು ಬೇಗ ಇಳಿಯುತ್ತದೆ, ಇಳಿಯಲಿ. ನಿಮ್ಮಲ್ಲೂ ಹೀಗಾದರೆ ಎಲ್ಲಕ್ಕಿಂತ ಸುಲಭದ ದಾರಿ, ರೆಕಾರ್ಡ್ ಮಾಡುವಷ್ಟು ಹೊತ್ತು ಏರ್‌ಪ್ಲೇನ್ ಮೋಡ್ ಹಾಕಿಬಿಡುವುದು.

"ನಿಮ್ಮ ತಪ್ಪಲ್ಲ ಅಪ್ಪಾ" ಎಂದೆ. "ನಂಗೊತ್ತಿತ್ತು" ಎಂದು ನಕ್ಕರು.

ಹಾಳಾದ ಕಂತುಗಳನ್ನು ಮತ್ತೆ ಹೇಳಿಸಿದೆ. ರಾತ್ರಿಶಾಲೆಯ ಮೊದಲ ದಿನ ಅಪ್ಪ ಬೆಂಚಿನ ಮೇಲೆಯೇ ನಿದ್ದೆಹೋಗಿದ್ದರಂತೆ. ಹೋಟೆಲಿನಲ್ಲಿ ದುಡಿದು ಬಂದ ಹುಡುಗ ಎಂದು ಮಾಸ್ತರರು ಎಬ್ಬಿಸದೆ, ಪಾಠ ಮುಗಿದ ಮೇಲೆ ಅವರೊಬ್ಬರಿಗೇ ಮತ್ತೊಮ್ಮೆ ಹೇಳಿಕೊಟ್ಟರಂತೆ. ಹೊಸ ರೆಕಾರ್ಡಿಂಗಿನಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ಮಾಸ್ತರರ ಹೆಸರೊಂದು ಇಲ್ಲ. "ಆವತ್ತು ಬಾಯಿಗೆ ಬಂದಿತ್ತು ಮಗಾ, ಈಗ ಬರ್ತಾ ಇಲ್ಲ" ಎಂದರು.

ಹಾಗಾಗಿ ಹಳೆಯ ಫೈಲನ್ನು ಅಳಿಸಿಲ್ಲ. ಎರಡು ಚಟಪಟಗಳ ನಡುವೆ ಆ ಹೆಸರಿನ ಒಂದೇ ಅಕ್ಷರ ಕೇಳಿಸುತ್ತದೆ, 'ಶೀ' ಎಂದು. ಇಯರ್‌ಫೋನ್ ಹಾಕಿಕೊಂಡು ಅಪ್ಪನೂ ನಾನೂ ಆಗಾಗ ಕೇಳುತ್ತೇವೆ.