ಕಬಡ್ಡಿಯ ಬೆನ್ನುಹತ್ತಿ ಔರಾದಿಗೆ

ಬೀದರ ನಗರಕ್ಕೆ ಬರುವ ಯಾತ್ರಿಕರು ಬಹಮನೀ ಅರಸರ ಕೋಟೆಯನ್ನು ಸುತ್ತಿ, ಮಹಮೂದ ಗವಾನನ ಮದರಸೆಯ ಮುಂದೆ ತುಸುಹೊತ್ತು ನಿಂತು, ನಾನಕ ಝರಾದ ತಿಳಿನೀರನ್ನು ಕುಡಿದು ಹಿಂದಿರುಗುವುದು ವಾಡಿಕೆ. ಅವನ್ನೆಲ್ಲ ಬಲ್ಲವರು ವರ್ಣಿಸಿದ್ದಾರೆ. ನಾವು ವಾಚಕರನ್ನು ಕರೆದೊಯ್ಯಬೇಕೆಂದಿರುವುದು ಭಾಲ್ಕಿಯ ಬಳಿಯ ಒಂದು ಕಣಕ್ಕೆ, ಅಲ್ಲಿಂದ ಔರಾದಿಗೆ. ಕಾರಣ, ಕಬಡ್ಡಿ. ಮೂವತ್ತು ವರ್ಷ ಸಂಸ್ಕೃತ ವ್ಯಾಕರಣವನ್ನು ಕಲಿಸಿದವರಿಗೆ ಈ ವಯಸ್ಸಿನಲ್ಲಿ ಇದೆಂತಹ ಗೀಳೆಂದು ಮನೆಯವರು ನಗುತ್ತಾರೆ. ನಗಲಿ.

2019ರ ಜನವರಿ 5ರಂದು ಎಳ್ಳಮಾವಾಸ್ಯೆ. ಆಗ ನಾವಿನ್ನೂ ಸೇವೆಯಲ್ಲಿದ್ದೆವು. ಭಾಲ್ಕಿಯಲ್ಲಿ ನೆಲೆಸಿದ್ದ ನಮ್ಮ ಸಹೋದ್ಯೋಗಿಗಳಾದ ಗಣಿತದ ಮಾಸ್ತರರು ಹೊಲದ ಊಟಕ್ಕೆ ಬರಹೇಳಿದ್ದರಿಂದ ಬೆಳಗಿನ ರೈಲು ಹತ್ತಿದೆವು. ಬೀದರದ ದಿಣ್ಣೆಯೆಲ್ಲ ಜಂಬಿಟ್ಟಿಗೆಯ ಕೆಂಪು. ಭಾಲ್ಕಿಯು ಸಮೀಪಿಸುವಷ್ಟರಲ್ಲಿ ನೆಲವು ಕಪ್ಪಾಗಿ, ಎರೆಯ ಹೊಲಗಳಲ್ಲಿ ಜೋಳವೂ ಕಡಲೆಯೂ ಕಣ್ಣಿಗೆ ತಂಪನ್ನೀಯುತ್ತಿದ್ದವು. ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಚನ್ನಬಸವ ಪಟ್ಟದ್ದೇವರ ಊರಿದು. ನಾವು ಅಲ್ಲಿ ಇಳಿದಾಗಲೆಲ್ಲ ಈ ಮಾತು ನೆನಪಾಗದೆ ಇರದು.

ಹೊಲದಲ್ಲಿ ಪೂಜೆಯಾಯಿತು, ಚರಗ ಚೆಲ್ಲಿದ್ದಾಯಿತು. ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳನ್ನು ಯಥೇಚ್ಛವಾಗಿ ಉಂಡೆವು. ಆ ಬಳಿಕ ಹುಡುಗರು ಸಾರಿಸಿದ ಕಣದಲ್ಲಿ ಕಬಡ್ಡಿಗೆ ಇಳಿದರು. ಈ ಆಟದಲ್ಲಿ ಪ್ರಾಣಾಯಾಮದ ಕುಂಭಕವಿದೆಯೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ನುಡಿಯುತ್ತ ಉಸಿರನ್ನು ಮೆಲ್ಲಮೆಲ್ಲನೆ ಬಿಡುವುದು ರೇಚಕವೇ ಹೊರತು ಕುಂಭಕವಲ್ಲ. ಈ ಸೂಕ್ಷ್ಮವನ್ನು ಮಾಸ್ತರರಿಗೆ ವಿವರಿಸುತ್ತಿದ್ದಾಗ ಅವರು ತೂಕಡಿಸಿದರು.

ಆ ಸಂಜೆಯೇ ಮುಂಬಯಿಯಲ್ಲಿ ಪ್ರೊ ಕಬಡ್ಡಿಯ ಅಂತಿಮ ಪಂದ್ಯ: ಬೆಂಗಳೂರು ಬುಲ್ಸ್ ತಂಡಕ್ಕೂ ಗುಜರಾತಿನ ತಂಡಕ್ಕೂ. ಹಿಂದಿನ ವಾರ ಬೆಂಗಳೂರಿನವರು ಇದೇ ಗುಜರಾತನ್ನು ಮಣಿಸಿದ್ದರು. ಆದರೂ ನಮಗೆ ಧೈರ್ಯವಿರಲಿಲ್ಲ. 2015ರ ಅಂತಿಮ ಪಂದ್ಯದಲ್ಲಿ ಮುಂಬಯಿಯವರಿಗೆ ಸೋತದ್ದನ್ನು ಮರೆಯುವುದೆಂತು? ಅದೂ ಅಲ್ಲದೆ ಗುಜರಾತಿನ ಸುನಿಲ್ ಕುಮಾರ್, ಪರ್ವೇಶ್ ಭೈನ್ಸ್‌ವಾಲ್ ಇವರಿಬ್ಬರೂ ಎದುರಾಳಿಯನ್ನು ಹಿಡಿಯುವ ರೀತಿ ಸಂಧಿಕಾರ್ಯದಂತೆ: ಎರಡು ಸೇರಿ ಒಂದಾಗುವುದು ಎಲ್ಲಿ ಎಂದು ತಿಳಿಯುವುದೇ ಇಲ್ಲ. ನಾವು ಅಂಜಿದಂತೆಯೇ ಮೊದಲ ಇಪ್ಪತ್ತು ನಿಮಿಷಗಳಲ್ಲಿ ಬೆಂಗಳೂರು ಹಿಂದೆ ಬಿದ್ದಿತು. ಮಾಸ್ತರರು ದೂರದರ್ಶನ ಯಂತ್ರವನ್ನು ಆರಿಸಹೊರಟರು. ನಾವು ಕೈಹಿಡಿದು ತಡೆದೆವು.

ಆಮೇಲೆ ಪವನ್ ಸೆಹ್ರಾವತ್ ಎದ್ದನು. ಅವನ ಆಟದ ಗುಟ್ಟು ಬಲದಲ್ಲಿಲ್ಲ, ಕಾಲಿನಲ್ಲಿದೆ. ಹಿಡಿಯಬಂದವರ ತಲೆಯ ಮೇಲೆ ಹಾರಿ ನಡುಗೆರೆಯ ಈಚೆಗೆ ಬೀಳುವ ಅವನನ್ನು ಕಂಡು ಮನೆಯ ಹೆಂಗಸರೂ ಒಲೆಯ ಕೆಲಸ ಬಿಟ್ಟು ಬಂದು ನಿಂತರು. ಒಬ್ಬನೇ 22 ಅಂಕ ತಂದನು. 38–33ರಿಂದ ಬೆಂಗಳೂರು ಗೆದ್ದಿತು. ಅದರ ಮೊದಲ ಕಿರೀಟವದು. ಮಾಸ್ತರರ ಮೊಮ್ಮಗ, ಹತ್ತು ವರ್ಷದವನು, ಕುಣಿದು ದಣಿದ ಮೇಲೆ ನಮ್ಮ ಬಳಿ ಕುಳಿತು ಕೇಳಿದನು: “ಅಜ್ಜಾ, ಇದರಾಗ ನಮ್ಮ ಕಡಿಯವರು ಯಾರರೆ ಅದಾರೇನ್ರಿ?”

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪವನನು ದೆಹಲಿಯವನು; ಮುಂಚೂಣಿಯಲ್ಲಿ ಆಡಿದವರಲ್ಲಿ ಹೆಚ್ಚಿನವರು ಬಡಗಣವರೇ. ಬೀದರಕ್ಕೆ ಹೈದರಾಬಾದು ಹತ್ತಿರ, ಔರಾದಿನವರಿಗೆ ಮಹಾರಾಷ್ಟ್ರದ ಉದಗೀರು ಹತ್ತಿರ, ಬೆಂಗಳೂರೋ ಆರೇಳುನೂರು ಕಿಲೋಮೀಟರು. ಹಾಗಾದರೆ ಅದು ನಮ್ಮ ತಂಡವಾದದ್ದು ಹೇಗೆ? “ದೊಡ್ಡವನಾಗು, ಹೇಳುತ್ತೇನೆ” ಎಂದು ಜಾರಿಕೊಂಡೆವು. ಉತ್ತರ ತಿಳಿಯದ ಮಾಸ್ತರರೆಲ್ಲ ಹೇಳುವುದು ಇದನ್ನೇ.

ಆರು ವರ್ಷ ಕಳೆದು, 2024ರ ಡಿಸೆಂಬರಿನಲ್ಲಿ ನಿವೃತ್ತರಾಗಿ ಮತ್ತೆ ಅದೇ ರೈಲಿನಲ್ಲಿ ಹೋದೆವು. ಈ ಸಲವೂ ಆಟಕ್ಕೂ ಅಮಾವಾಸ್ಯೆಗೂ ಕೂಡಿಬಂದಿತ್ತು: 29ರಂದು ಪುಣೆಯಲ್ಲಿ ಅಂತಿಮ ಪಂದ್ಯ, 30ರಂದು ಎಳ್ಳಮಾವಾಸ್ಯೆ. ಆದರೆ ಹರಿಯಾಣದವರು ಪಾಟ್ನಾವನ್ನು 32–23ರಿಂದ ಸೋಲಿಸುವುದನ್ನು ನಾವು ಪರರ ಮದುವೆಯನ್ನು ನೋಡುವಂತೆ ನೋಡಿದೆವು. ಬೆಂಗಳೂರು ಹನ್ನೆರಡು ತಂಡಗಳಲ್ಲಿ ಕಟ್ಟಕಡೆಯದಾಗಿತ್ತು.

ಪವನನು 2022ರಲ್ಲಿಯೇ ಹರಾಜಿನಲ್ಲಿ 2 ಕೋಟಿ 26 ಲಕ್ಷಕ್ಕೆ ತಮಿಳು ತಂಡಕ್ಕೆ ಹೋಗಿ, ಮೊದಲ ಪಂದ್ಯದಲ್ಲಿಯೇ ಮೊಣಕಾಲು ನೋಯಿಸಿಕೊಂಡು, ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ ತೆಲುಗು ಟೈಟನ್ಸ್ ಸೇರಿದ್ದನು. ಈಗ ಹದಿನಾರು ವರ್ಷದವನಾದ ಮೊಮ್ಮಗನು ಅವನ ಬೆನ್ನುಹತ್ತಿ ಚೆನ್ನೈಗೂ ಹೈದರಾಬಾದಿಗೂ ಪಕ್ಷಾಂತರ ಮಾಡಿದ್ದನು. ನಮಗೆ ಅದು ಸೇರಲಿಲ್ಲ. ತಂಡ ಸೋತಾಗ ಬಿಟ್ಟುಹೋಗುವವನು ಅಭಿಮಾನಿಯಲ್ಲ, ಗಿರಾಕಿ ಎಂದು ಗದರಿದೆವು. ಹಳೆಯ ಪ್ರಶ್ನೆಗೂ ಉತ್ತರ ಕೊಟ್ಟೆವು: “ನಮ್ಮ ಕರ್ನಾಟಕದ ಬಿ. ಸಿ. ರಮೇಶರು ತರಬೇತಿ ಕೊಟ್ಟು 2019ರಲ್ಲಿ ಬಂಗಾಲವನ್ನೂ 2024ರ ಮಾರ್ಚಿಯಲ್ಲಿ ಪುಣೆಯನ್ನೂ ಗೆಲ್ಲಿಸಿದರು. ನಮ್ಮವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ; ಕೊಡುಕೊಳ್ಳುವಿಕೆ ಸರಿಹೋಯಿತಲ್ಲ?” ಹುಡುಗನು ನಕ್ಕು, “ಆದರ ನಮ್ಮ ಔರಾದ, ಭಾಲ್ಕಿಯವರು ಎಲ್ಲಿ ಅದಾರ್ರಿ ಅಜ್ಜಾ?” ಎಂದನು.

ಈ ಮಾತು ಮುಳ್ಳಿನಂತೆ ನಾಟಿತು, ಕಾರಣವಿತ್ತು. ಮರುದಿನ ಬಸ್ಸಿನಲ್ಲಿ ಮಾಂಜರಾ ನದಿಯನ್ನು ದಾಟಿ ಔರಾದಿಗೆ ಹೋದೆವು. ಅಮರೇಶ್ವರನ ದರ್ಶನವೆಂದು ಮನೆಯಲ್ಲಿ ಹೇಳಿದ್ದೆವು. ದರ್ಶನವನ್ನೂ ಮಾಡಿದೆವು. ಆದರೆ ಹೋದದ್ದು ಒಬ್ಬ ಹಳೆಯ ಶಿಷ್ಯನನ್ನು ಕಾಣಲು.

ಇಪ್ಪತ್ತೈದು ವರ್ಷಗಳ ಹಿಂದೆ ಆ ಸೀಮೆಯ ಒಂದು ಶಾಲೆಯಲ್ಲಿ ನಾವಿದ್ದಾಗ, ಅವನಷ್ಟು ಚುರುಕಾದ ದಾಳಿಗಾರನು ಸುತ್ತಲೆಲ್ಲೂ ಇರಲಿಲ್ಲ. ಜಿಲ್ಲೆಯ ಆಯ್ಕೆಯ ಪಂದ್ಯಕ್ಕೆ ಹುಡುಗರು ಹೊರಟ ಬೆಳಗ್ಗೆ, ರಾಮಶಬ್ದವನ್ನು ಒಪ್ಪಿಸದವನು ಹೋಗಕೂಡದೆಂದು ಅವನನ್ನು ತರಗತಿಯಲ್ಲಿ ಕೂರಿಸಿದೆವು. ಅವನು ಷಷ್ಠಿಯವರೆಗೆ ಬಂದು ತಡವರಿಸಿದನು. ಬಸ್ಸು ಹೋಯಿತು. ತಂಡವು ಮೊದಲ ಪಂದ್ಯದಲ್ಲಿಯೇ ಸೋತಿತು. ನಾವು ಅದನ್ನು ಶಿಸ್ತೆಂದು ತಿಳಿದಿದ್ದೆವು. ಮುಂದೆ ಅವನು ಏನಾಗುತ್ತಿದ್ದನೋ ಹೇಳಲಾಗದು. ಆದರೆ ಪವನನು ಹಾರಿದಾಗಲೆಲ್ಲ ನಮಗೆ ಕಾಣುತ್ತಿದ್ದದ್ದು ಬೆಂಚಿನ ಮೇಲೆ ಕುಳಿತ ಆ ಹುಡುಗನ ಮೋರೆ.

ಈಗ ಅವನಿಗೆ ನಾಲ್ವತ್ತು. ಟ್ರ್ಯಾಕ್ಟರ್ ದುರಸ್ತಿಯ ಅಂಗಡಿಯಿದೆ. ಸಂಜೆ ಅಂಗಡಿ ಮುಚ್ಚಿ ಬಯಲಿನಲ್ಲಿ ಹುಡುಗರಿಗೆ ಕಬಡ್ಡಿ ಕಲಿಸುತ್ತಾನೆ. ನಮ್ಮನ್ನು ಕಂಡೊಡನೆ ಎಣ್ಣೆಯ ಕೈಯನ್ನು ಒರಸಿಕೊಂಡು ಕಾಲಿಗೆರಗಿದನು. ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟೆವು. ಅವನು ಸ್ವಲ್ಪ ಹೊತ್ತು ನೆಲ ನೋಡಿದನು. “ಆವತ್ತು ಭಾಳ ಅತ್ತಿದ್ದೆ ಗುರುಗಳೇ” ಎಂದನು. ಸುಳ್ಳು ಸಮಾಧಾನ ಹೇಳಲಿಲ್ಲ. ಬಳಿಕ ನಮ್ಮ ಕೈಗಡಿಯಾರವನ್ನು ನೋಡಿ, “ನಮ್ಮಲ್ಲಿ ಟೈಮ್ ನೋಡವರು ಯಾರೂ ಇಲ್ಲರಿ. ಒಂದು ದಾಳಿಗೆ ಮೂವತ್ತು ಸೆಕೆಂಡು. ಕೂತು ಎಣಿಸ್ತೀರೇನ್ರಿ?” ಎಂದು ಒಂದು ಕಲ್ಲನ್ನು ತೋರಿಸಿದನು.

ಕತ್ತಲಾಗುವವರೆಗೆ ಎಣಿಸಿದೆವು. ಬೀದರದ ಕಡೆಯ ಬಸ್ಸು ಹೊರಟುಹೋಯಿತು. ಆ ರಾತ್ರಿ ಅವನ ಮನೆಯಲ್ಲಿಯೇ ಉಂಡು ಮಲಗಿದೆವು.