ದ್ವೀಪದ ಅಡುಗೆಮನೆಗೆ ಮಂಗಳೂರೇ ಬಾಗಿಲು

ನಮ್ಮ ದಾವಣಗೆರೆಯ ಶಾಮನೂರಿನಲ್ಲಿ ಅಕ್ಕಿ ಡಬ್ಬ ಖಾಲಿಯಾದರೆ ನೀವೇನು ಮಾಡುತ್ತೀರಿ? ಬೀದಿ ಕೊನೆಯ ಅಂಗಡಿಗೆ ಮಗನನ್ನು ಕಳಿಸುತ್ತೀರಿ. ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ಸೀಮೆ ಇದು. ಅಕ್ಕಿಗಾಗಿ ಸಮುದ್ರದ ಕಡೆ ನೋಡುವ ಪ್ರಮೇಯ ನಮಗೆ ಬಂದಿಲ್ಲ.

ಆದರೆ ಸಹೋದರಿಯರೇ, ದಸರಾ ರಜೆಯಲ್ಲಿ ಮಕ್ಕಳೊಂದಿಗೆ ಮಂಗಳೂರಿಗೆ ಹೋದರೆ ಹಳೆ ಬಂದರನ್ನು ನೋಡದೆ ಮರಳಬೇಡಿ. ದೊಡ್ಡ ಹಡಗುಗಳು ಪಣಂಬೂರಿಗೆ ಬರುತ್ತವೆ. ಇಲ್ಲಿರುವುದು ಮರದ ಮಂಜಿಗಳು. ಅಕ್ಕಿ ಮೂಟೆ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಇವುಗಳಲ್ಲಿ ತುಂಬಿ ಲಕ್ಷದ್ವೀಪಕ್ಕೆ ಹೊರಡುತ್ತವೆ.

ಅಲ್ಲಿ ಜನವಸತಿಯಿರುವ ದ್ವೀಪಗಳು ಹತ್ತು. ಒಟ್ಟು ನೆಲ 32 ಚದರ ಕಿ.ಮೀ. ಮಾತ್ರ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಬಹುತೇಕ ಎಲ್ಲರೂ ಮುಸ್ಲಿಮರು. ಹವಳದ ಆ ನೆಲದಲ್ಲಿ ನದಿಯಿಲ್ಲ, ಭತ್ತದ ಗದ್ದೆಯಿಲ್ಲ. ತೆಂಗು, ಮೀನು ಬಿಟ್ಟರೆ ಹೆಚ್ಚಿನದೆಲ್ಲ ಹೊರಗಿನಿಂದಲೇ ಬರಬೇಕು. ಮಳೆಗಾಲದಲ್ಲಿ, ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಮಂಜಿಗಳು ಕಡಲಿಗಿಳಿಯುವುದಿಲ್ಲ. ಅದಕ್ಕೆ ಮೊದಲೇ ದಾಸ್ತಾನು ತುಂಬಿಸಿಡಬೇಕು. ನಾಲ್ಕು ತಿಂಗಳಿಗೆ ಬೇಕಾದುದನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಎಂಥ ಹೊಣೆ ಎಂದು ಮನೆ ನಡೆಸುವ ನಿಮಗೆ ಹೇಳಬೇಕಿಲ್ಲ.

ಕೆನಡಾದ ಉತ್ತರ ಧ್ರುವ ಪ್ರದೇಶ ನೂನಾವುಟ್‌ನಲ್ಲೂ ಇದೇ ಕಥೆ. ಅಲ್ಲಿನ 25 ಊರುಗಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದ ಕೆಲವೇ ತಿಂಗಳಲ್ಲಿ ಹಡಗುಗಳು ವರ್ಷದ ಸರಕು ತರುತ್ತವೆ. ಅಲ್ಲಿ ಹಿಮ, ಇಲ್ಲಿ ಮಳೆ. ಬಾಗಿಲು ಮುಚ್ಚುವುದು ಎರಡೂ ಕಡೆ.

ಮಂಗಳೂರಿನೊಂದಿಗೆ ಈ ನಂಟು ಹಳೆಯದು. 1787ರಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರ ನಂತರ ಬ್ರಿಟಿಷರ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ ಕೊಡಬೇಕಿತ್ತು. ಬದಲಿಗೆ ಅಕ್ಕಿ ಸಿಗುತ್ತಿತ್ತು. ದರ ಗೊತ್ತುಮಾಡುತ್ತಿದ್ದುದೂ ಸರಕಾರವೇ.

ಆ ಹುರಿ ಹೊಸೆದವರು ಯಾರು? ಹೆಂಗಸರು. ಸಿಪ್ಪೆಯನ್ನು ತಿಂಗಳುಗಟ್ಟಲೆ ಕಡಲಂಚಿನಲ್ಲಿ ಹೂತು ಕೊಳೆಯಿಸಿ, ಕೋಲಿನಿಂದ ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಬಂದರಿನ ಚರಿತ್ರೆಯಲ್ಲಿ ಅಧಿಕಾರಿಗಳ, ವ್ಯಾಪಾರಿಗಳ ಹೆಸರುಗಳಿವೆ. ಮಕ್ಕಳ ತುತ್ತಿಗಾಗಿ ಅಂಗೈ ಸವೆಸಿದ ಆ ತಾಯಂದಿರ ಹೆಸರು ಎಲ್ಲೂ ಇಲ್ಲ.

ಮಂಜಿಗೆ ಅಕ್ಕಿ ಮೂಟೆ ಏರುವುದನ್ನು ನೋಡುವಾಗ ಮಕ್ಕಳಿಗೆ ಅವರ ವಿಷಯವನ್ನೂ ಹೇಳಿ. ತಟ್ಟೆಯಲ್ಲಿ ಅನ್ನ ಬಿಡುವ ಮುನ್ನ ಅವರು ಒಮ್ಮೆ ಯೋಚಿಸಿಯಾರು.