ಮುತ್ಯಾನ ಹದ

ನಮ್ಮಣ್ಣನ ಮೊಮ್ಮಗ ಎಂಜಿನಿಯರಿಂಗ್ ಮುಗಿಸಿ ಒಂದು ಸಕ್ಕರೆ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಹೋದ ಹಂಗಾಮು ಮುಗಿದ ಮೇಲೆ ಗಲಗಲಿಗೆ ಬಂದವನು ಕೇಳಿದ: "ಅಜ್ಜಾ, ಈ ಮೀಟರ್, ಸೆನ್ಸರ್ ಏನೂ ಇರಲಾರದಾಗ ನೀವು ಹೆಂಗ ಸಕ್ಕರಿ ಮಾಡತಿದ್ರಿ? ಬರೇ ಅಂದಾಜಿನ ಮ್ಯಾಲೇನು?" ಅಂದಾಜಿನ ಮೇಲೆ ಅಲ್ಲ. ಆದರೆ ಹೇಗೆ ಎಂದು ಹೇಳಬೇಕಾದರೆ ಸಕ್ಕರೆಗಿಂತ ಹಿಂದಕ್ಕೆ, ಬೆಲ್ಲದ ಗಾಣಕ್ಕೇ ಹೋಗಬೇಕು.

ನಾನು ಹುಡುಗನಾಗಿದ್ದಾಗ ಗಲಗಲಿಯಲ್ಲಿ ಕೃಷ್ಣೆಯ ಹೊಳೆಸಾಲಿನ ಹೊಲಗಳಲ್ಲಷ್ಟೇ ಕಬ್ಬು. ಚಳಿಗಾಲ ಬಂತೆಂದರೆ ಹೊಲದಲ್ಲೇ ಗಾಣ ಹೂಡುತ್ತಿದ್ದರು. ಬೆಲ್ಲ ಕಾಯಿಸಲು ಬರುತ್ತಿದ್ದ ಹಿರಿಯನನ್ನು ಊರೆಲ್ಲ ಮುತ್ಯಾ ಎಂದೇ ಕರೆಯುತ್ತಿತ್ತು. ಸಾಲಿ ಕಲಿತವನಲ್ಲ. ಗಡಿಯಾರ ಕಟ್ಟಿದ್ದನ್ನು ನಾನು ನೋಡಲಿಲ್ಲ. ಕೊಪ್ಪರಿಗೆಯ ಮುಂದೆ ನಿಂತರೆ ಮಾತ್ರ ಅವನ ಕಣ್ಣು, ಕಿವಿ, ಮೂಗು ಮೂರೂ ಒಟ್ಟಿಗೆ ಕೆಲಸಕ್ಕೆ ಹತ್ತುತ್ತಿದ್ದವು.

ಕಬ್ಬಿನ ಹಾಲು ಬಿಸಿಯಾಗುತ್ತಿದ್ದಂತೆ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಬೀಳಬೇಕು; ಮಡ್ಡಿ ಮೇಲೆ ಬಂದ ಕೂಡಲೇ ತೆಗೆಯಬೇಕು, ತಡವಾದರೆ ಅದು ಹಾಲಿನಲ್ಲೇ ಕರಗಿ ಬೆಲ್ಲ ಕಪ್ಪಾಗುತ್ತದೆ. ನೊರೆ ಬಿಳಿ ಇದ್ದದ್ದು ಹಳದಿಗೆ ತಿರುಗುವುದು, ಕುದಿಯ ಸದ್ದು ಗಟ್ಟಿಯಾಗುವುದು, ಗುಳ್ಳೆ ದೊಡ್ಡದಾಗಿ ಒಡೆಯುವುದು, ಇವೆಲ್ಲ ಅವನಿಗೆ ಸುದ್ದಿ. ಸುದ್ದಿ ಬಂದ ಗಳಿಗೆಯಲ್ಲೇ ಹುಕುಂ: "ಉರಿ ತಗ್ಗಸೋ", "ಸಿಪ್ಪಿ ಹಾಕಬ್ಯಾಡ", "ಔಡಲೆಣ್ಣಿ ಎರಡು ಹನಿ ಬಿಡು." ಒಲೆಯ ಬಾಯಲ್ಲಿ ಕೂತವನು ಕೇಳಿದ ಕೂಡಲೇ ಮಾಡುತ್ತಿದ್ದ. ಇವತ್ತು ಕಾರ್ಖಾನೆಗಳಲ್ಲಿ ಕೋಟಿಗಟ್ಟಲೆ ಸುರಿದು ಹಾಕಿಸುವ ಸೆನ್ಸರ್‌ಗಳ ಏರ್ಪಾಡಿನ ತಿರುಳು ಇದೇ. ಕಂಡದ್ದಕ್ಕೂ ಮಾಡಿದ್ದಕ್ಕೂ ನಡುವೆ ಹೊತ್ತು ಕಳೆಯಬಾರದು.

ಕೊನೆಯ ಪರೀಕ್ಷೆ ನೀರಿನದು. ಕುದಿಯುವ ಪಾಕವನ್ನು ಹುಟ್ಟಿನ ತುದಿಯಿಂದ ತಣ್ಣೀರಿನ ತಟ್ಟೆಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ತಟ್ಟೆಯ ಅಂಚಿಗೆ ಹೊಡೆಯುತ್ತಿದ್ದ. ಟಣ್ ಎಂದರೆ ಹದ. ಈಗಿನ ಪುಸ್ತಕಗಳ ಪ್ರಕಾರ ಗಟ್ಟಿ ಬೆಲ್ಲದ ಹದ 116ರಿಂದ 118 ಡಿಗ್ರಿ ಸೆಲ್ಸಿಯಸ್; 105-106ಕ್ಕೇ ಇಳಿಸಿದರೆ ಅದು ಗಟ್ಟಿಯಾಗದ ಕಾಕಂಬಿ. ಕೊನೆಗೆ ಒಂದೆರಡು ಡಿಗ್ರಿ ಆಚೀಚೆಯಾದರೂ ಬೆಲ್ಲದ ಪೆಂಟಿ ಕೆಡುತ್ತದೆ. ಆ ಒಂದೆರಡು ಡಿಗ್ರಿಯನ್ನು ಮುತ್ಯಾ ಥರ್ಮಾಮೀಟರ್ ಇಲ್ಲದೆ ಹಿಡಿಯುತ್ತಿದ್ದ. ಹದದ ಹೊತ್ತಿಗೆ ಏಳುವ ವಾಸನೆಯಲ್ಲಿ ಸುಟ್ಟದ್ದೂ ಇರುತ್ತಿರಲಿಲ್ಲ, ಹಸಿಯದ್ದೂ ಇರುತ್ತಿರಲಿಲ್ಲ. ಗಾಳಿ ಹೊಳೆಯ ಕಡೆಯಿಂದ ಬೀಸಿದರೆ ಅದು ಊರೊಳಗಿನ ಮನೆಗಳ ತನಕ ಬರುತ್ತಿತ್ತು, ಹುಡುಗರು ರೊಟ್ಟಿ ಹಿಡಿದು ಗಾಣಕ್ಕೆ ಓಡುತ್ತಿದ್ದೆವು.

ಹದ ಎಲ್ಲರ ಕಣ್ಣೆದುರೇ ಆಗುತ್ತಿತ್ತು. ಹೊಲದ ಒಡೆಯ, ಗಾಣಕ್ಕೆ ಕಬ್ಬು ಕೊಡುವವ, ಎತ್ತು ಹೊಡೆಯುವವ ಎಲ್ಲರೂ ಕೊಪ್ಪರಿಗೆಯ ಸುತ್ತ. ಆ ಉಂಡೆಯನ್ನು ಯಾರು ಬೇಕಾದರೂ ಕೈಯಲ್ಲಿ ಹಿಡಿದು ನೋಡಬಹುದಿತ್ತು, "ಇನ್ನಟ ಕಾಯಲಿ ಮುತ್ಯಾ" ಎಂದು ಜಗಳ ತೆಗೆಯಬಹುದಿತ್ತು.

ಮಹಾಲಿಂಗಪುರದ ಬೆಲ್ಲದ ಪ್ಯಾಟಿಗೆ ಒಮ್ಮೆ ಅವನ ಜೋಡಿ ಚಕ್ಕಡಿಯಲ್ಲಿ ಹೋಗಿದ್ದೆ. ವ್ಯಾಪಾರಿ ಪೆಂಟಿಯ ಮೂಲೆ ಒಡೆದು, ನೆಕ್ಕಿ, ಮೋರೆ ಸಣ್ಣ ಮಾಡಿ, "ಬಣ್ಣ ಸಾಲದು" ಎಂದು ದರ ಇಳಿಸಿದ. ಮುತ್ಯಾ ದನಿ ಏರಿಸಲಿಲ್ಲ. "ಬಣ್ಣ ಬ್ಯಾಡ್ರಿ ಸಾವಕಾರ್ರ. ಒಂದ ಪೆಂಟಿ ಮಳಿಗಾಲ ದಾಟೂತನಾ ಇಟ್ಟ ನೋಡ್ರಿ. ನೀರ ಬಿಟ್ರ ಎಲ್ಲಾ ಪೆಂಟಿ ರೊಕ್ಕಾ ವಾಪಸ್" ಎಂದ. ವ್ಯಾಪಾರಿ ಅವನ ಮುಖ ನೋಡಿ, ಕೇಳಿದ ದರಕ್ಕೇ ಒಪ್ಪಿದ. ಮಳೆಗಾಲ ಕಳೆದ ಮೇಲೆ ಯಾರೂ ರೊಕ್ಕ ಕೇಳಿ ಬರಲಿಲ್ಲ.

ಹಾಗಂತ ಆ ಕಾಲ ಬಂಗಾರದ್ದಾಗಿರಲಿಲ್ಲ. ಎತ್ತಿನ ಗಾಣ ಎಷ್ಟು ಹಿಂಡಿದರೂ ಸಿಪ್ಪೆಯಲ್ಲಿ ಹಾಲು ಉಳಿಯುತ್ತಿತ್ತು. ನಿದ್ದೆಗಣ್ಣಲ್ಲಿ ಕಬ್ಬು ಕೊಡುವಾಗ ಬೆರಳು ಕಳೆದುಕೊಂಡವರು ನಮ್ಮೂರಲ್ಲೇ ಇದ್ದರು. ಪಾಕ ಸಿಡಿದು ಸುಟ್ಟ ಕಲೆ ಮುತ್ಯಾನ ಎರಡೂ ಮುಂಗೈ ತುಂಬ. ಮುತ್ಯಾ ಜಡ್ಡಿಗೆ ಬಿದ್ದ ವರ್ಷ ಬೇರೊಬ್ಬ ಕಾಯಿಸಿದ ಪಾಕ ಗಟ್ಟಿಯಾಗಲೇ ಇಲ್ಲ. ಒಂದು ಮನೆಯ ವರ್ಷದ ದುಡಿಮೆ ಕಾಕಂಬಿಯಾಗಿ ಹೋಯಿತು. ಒಬ್ಬನ ಮೈಯಲ್ಲಷ್ಟೇ ಇದ್ದ ವಿದ್ಯೆ ಅವನು ಮಲಗಿದರೆ ಮಲಗುತ್ತದೆ. ಮುಂದೆ ಬಣ್ಣಕ್ಕೆ ಬಿದ್ದ ಪ್ಯಾಟಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬಿಳಿ ಬೆಲ್ಲವನ್ನೇ ಬಯಸಿತು. ಸುಣ್ಣ, ಬೆಂಡೆಯ ಬೆಲ್ಲಕ್ಕೆ ದರ ಬಿತ್ತು.

ಹೊಳೆಯ ನೀರು ಮೇಲೆ ಹತ್ತಿದಂತೆ ಕಬ್ಬೂ ಹತ್ತಿತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಕೈಯಿಂದ ರೊಕ್ಕ ಹಾಕಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಜೋಳದ ಹೊಲಗಳು ಕಬ್ಬಿಗೆ ತಿರುಗಿದವು, ಒಂದರ ಹಿಂದೊಂದು ಕಾರ್ಖಾನೆ ಎದ್ದವು. ನಾನು ಅಂಥದ್ದೊಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆದೆ.

ತಾಸಿಗೊಮ್ಮೆ ಮಿಲ್ಲಿನಿಂದ ರಸ, ಸಿಪ್ಪೆ ತರುವುದು, ರಸದ ಬ್ರಿಕ್ಸ್ (ಅದರಲ್ಲಿ ಕರಗಿದ್ದರ ಪಾಲು) ನೋಡುವುದು, ಲೆಡ್ ಸಬ್‌ಅಸಿಟೇಟ್ ಹಾಕಿ ಸೋಸಿ, ಗಾಜಿನ ಕೊಳವೆಗೆ ತುಂಬಿ, ಪೋಲಾರಿಮೀಟರಿನಲ್ಲಿ ಪೋಲ್, ಅಂದರೆ ಸಕ್ಕರೆಯ ಪಾಲು, ನೋಡುವುದು, ಸಿಪ್ಪೆಯನ್ನು ನೀರಲ್ಲಿ ಕುದಿಸಿ ಅದರಲ್ಲಿ ಉಳಿದ ಸಕ್ಕರೆ ಅಳೆಯುವುದು, ರಜಿಸ್ಟರಿನಲ್ಲಿ ಬರೆಯುವುದು. ನಾವು ಅಂಕಿ ಬರೆಯುವಷ್ಟರಲ್ಲಿ ಆ ಸಿಪ್ಪೆ ಬಾಯ್ಲರಿನಲ್ಲಿ ಉರಿದು ಬೂದಿಯಾಗಿರುತ್ತಿತ್ತು. "ಸಕ್ಕರೆ ಹೆಚ್ಚು ಹೋಗಿದೆ, ಮಿಲ್ಲಿಗೆ ಬಿಡುವ ನೀರು ಹೆಚ್ಚಿಸಿ" ಎಂದು ಚೀಟಿ ಕಳಿಸಿದರೆ, ಆ ಹೊತ್ತಿಗೆ ಮಿಲ್ಲಿನಲ್ಲಿ ಬೇರೆ ಹೊಲದ ಕಬ್ಬು. ಅಳತೆ ನಿಖರ, ಆದರೆ ಹೊತ್ತು ಮೀರಿದ್ದು. ಮುತ್ಯಾನ ಕೆಲಸವನ್ನು ಅಲ್ಲಿ ಮಾಡುತ್ತಿದ್ದವನು ಪ್ಯಾನ್‌ಮನ್ ಒಬ್ಬನೇ. ಹರಳು ಕಟ್ಟಿಸುವ ವ್ಯಾಕ್ಯೂಮ್ ಪ್ಯಾನಿನಿಂದ ಒಂದಿಷ್ಟು ಹೊರತೆಗೆದು, ಗಾಜಿನ ಮೇಲೆ ಸವರಿ, ಬೆಳಕಿಗೆ ಹಿಡಿದು ಹರಳು ನೋಡಿ, ಬೆರಳಲ್ಲಿ ಎಳೆ ಎಳೆದು, ಅಲ್ಲೇ ವಾಲ್ವು ತಿರುಗಿಸುತ್ತಿದ್ದ.

ಈಗ ಆ ತಡ ಹೋಗಿದೆ, ಅದು ನಿಜವಾದ ಲಾಭ. ರಸದ ಹರಿವು, ಬ್ರಿಕ್ಸ್, ಪಿಎಚ್, ಹಬೆಯ ಒತ್ತಡ ಎಲ್ಲ ಗಳಿಗೆ ಗಳಿಗೆಗೂ ಪರದೆಯ ಮೇಲೆ. ಪಿಎಚ್ ಇಳಿದರೆ ಸಕ್ಕರೆ ಒಡೆದು ನಷ್ಟವಾಗುತ್ತದೆ. ಈಗ ಇಳಿಯತೊಡಗಿದ ಕೂಡಲೇ ಸುಣ್ಣದ ಹಾಲಿನ ವಾಲ್ವು ತಾನೇ ತೆರೆಯುತ್ತದೆ. ದಿನಕ್ಕೆ 10,000 ಟನ್ ನುರಿಸುವ ಕಾರ್ಖಾನೆ ಎಂದಿಟ್ಟುಕೊಳ್ಳಿ, ನೂರಕ್ಕೆ 30ರಷ್ಟು ಸಿಪ್ಪೆ. ಮಿಲ್ಲಿನ ನೀರನ್ನು ಆಯಾ ಹೊತ್ತಿನ ಕಬ್ಬಿಗೆ ತಕ್ಕಂತೆ ಬಿಟ್ಟು, ಸಿಪ್ಪೆಯಲ್ಲಿ ಹೋಗುವ ಸಕ್ಕರೆಯನ್ನು ಸಿಪ್ಪೆಯ ತೂಕದ ನೂರಕ್ಕೆ 0.1ರಷ್ಟು ಇಳಿಸಿದರೂ ದಿನಕ್ಕೆ 3 ಟನ್ ಸಕ್ಕರೆ ಉಳಿಯುತ್ತದೆ. ನಮ್ಮ ರಜಿಸ್ಟರಿನಿಂದ ಅದು ಆಗುತ್ತಿರಲಿಲ್ಲ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಡೆ. ಮೊದಲನೆಯದು, ಕಲಿಸುವವರೇ ಇಲ್ಲವಾಗಿದ್ದಾರೆ. ಸೆನ್ಸರಿನ ಮೇಲೆ ಕಿಟ್ಟ ಕಟ್ಟಿದರೆ ಪರದೆ ಸುಳ್ಳು ಹೇಳುತ್ತದೆ. ಆಗ ಗಾಜಿನ ಮೇಲೆ ಹರಳು ಸವರಿ ನೋಡಬಲ್ಲ ಕೈ ಬೇಕು. ಹಳೆಯ ಪ್ಯಾನ್‌ಮನ್‌ಗಳನ್ನು ಮನೆಗೆ ಕಳಿಸುವಾಗ ಅವರ ವಿದ್ಯೆಯನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಪರದೆಯೆಲ್ಲ ಗೇಟಿನ ಒಳಗೆ. ಹೊರಗೆ ಟ್ರ್ಯಾಕ್ಟರುಗಳ ಸಾಲು, ಟ್ರೇಲರಿನಲ್ಲಿ ಕಬ್ಬು ಒಣಗುತ್ತ ನಿಂತಿರುತ್ತದೆ. ಕಡಿದ ಕಬ್ಬು ಒಂದು ದಿನ ದಾಟಿತೆಂದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆ ನಷ್ಟ ಯಾವ ಪರದೆಯಲ್ಲೂ ಕಾಣದು. 2025-26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ದರ ನೂರಕ್ಕೆ 10.25 ರಿಕವರಿಗೆ (ಕಬ್ಬಿನಿಂದ ಕೈಗೆ ಸಿಗುವ ಸಕ್ಕರೆಯ ಪಾಲು) ಟನ್ನಿಗೆ 3550 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 34 ರೂಪಾಯಿ 60 ಪೈಸೆ. ಕಟಾವು, ಸಾಗಾಣಿಕೆ ಕಳೆದು ಕೈಗೆ ಬರುವುದು ಎಷ್ಟೆಂದು ಎಲ್ಲರಿಗೂ ಗೊತ್ತು. ಆ ರಿಕವರಿ ಅಳೆಯುವವರು ಕಾರ್ಖಾನೆಯವರೇ. ಅದೂ ಹೋದ ಹಂಗಾಮಿನದು, ಎಲ್ಲರ ಕಬ್ಬಿನ ಸರಾಸರಿ. ಹಬೆಯ ಲೆಕ್ಕ ಈ ಗಳಿಗೆಯದು, ರೈತನ ಲೆಕ್ಕ ಹೋದ ವರ್ಷದ್ದು! 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಟಾವು, ಸಾಗಾಣಿಕೆ ಬಿಟ್ಟು ಟನ್ನಿಗೆ 3500 ಕೇಳಿ ರಸ್ತೆಯಲ್ಲಿ ಕೂತದ್ದರ ಹಿಂದೆ ದರದ ಸಿಟ್ಟಿನ ಜೊತೆ ಈ ಅಪನಂಬಿಕೆಯೂ ಇತ್ತೆಂದು ನಾನು ಬಲ್ಲೆ.

ರೈತನ ಲೆಕ್ಕವನ್ನೂ ಆಯಾ ಹೊತ್ತಿಗೇ ತೋರಿಸುವುದು ಆಗದ ಕೆಲಸವಲ್ಲ. ಆಸ್ಟ್ರೇಲಿಯಾದಲ್ಲಿ, ಬ್ರೆಜಿಲಿನಲ್ಲಿ ಬೆಳೆಗಾರನ ಕಬ್ಬಿನಲ್ಲಿರುವ ಸಕ್ಕರೆ ಅಳೆದೇ ದುಡ್ಡು ಕೊಡುತ್ತಾರೆ. ನಮ್ಮಲ್ಲೂ 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸಕ್ಕರೆ ಸೇರಿ 17 ವರ್ಗದ ಕಾರ್ಖಾನೆಗಳಿಗೆ ಹೊಲಸು ನೀರು, ಹೊಗೆಯ ಅಳತೆಯನ್ನು ಆನ್‌ಲೈನಿನಲ್ಲಿ ನೇರ ಕಳಿಸಲು ಮೀಟರ್ ಹಾಕಿಸಿರೆಂದು ಹೇಳಿತು. ಕಾರ್ಖಾನೆಯ ಅಂಕಿ ಗೇಟು ದಾಟಿ ಸರಕಾರದ ಕಚೇರಿಯ ತನಕ ಹೋಗಬಲ್ಲದಾದರೆ, ಗೇಟಿನ ಹೊರಗೇ ನಿಂತ ರೈತನ ಮೊಬೈಲಿಗೆ ಹೋಗಲು ಅದಕ್ಕೇನು ಅಡ್ಡಿ?

ಕಾಟಾದ ತೂಕ, ಆ ಪಾಳಿಯ ಕಬ್ಬಿನ ಪೋಲ್, ಆ ದಿನದ ರಿಕವರಿ ಮೂರನ್ನೂ ಕಬ್ಬು ಕೊಟ್ಟವನು ಅವತ್ತೇ ನೋಡುವಂತಾಗಬೇಕು, ತಪ್ಪಿದ್ದರೆ ಅವತ್ತೇ ಜಗಳ ತೆಗೆಯುವಂತಾಗಬೇಕು. ಒಂದು ತಟ್ಟೆ ನೀರಿನಲ್ಲಿ ಮುತ್ಯಾ ನಡೆಸಿಕೊಟ್ಟ ನ್ಯಾಯವನ್ನು ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ನಡೆಸಲಾಗದು ಎಂದರೆ ನಾನು ನಂಬುವುದಿಲ್ಲ. ಮಾಡಿಸಬೇಕಾದವರಿಗೆ ಮನಸ್ಸಿಲ್ಲ, ಅಷ್ಟೇ.